ಭಾರತದಲ್ಲಿ ಜನರ ಹತ್ತಿರ ಎಷ್ಟು ರೈಫಲ್ ಇವೆ, ಸೈನ್ಯದ ಹತ್ತಿರ ಎಷ್ಟಿವೆ? ಲೆಕ್ಕ ಹಾಕುವುದು ಹೇಗೆ?

ಮೊದಲೇ ಉತ್ತರ ಹೇಳಿಬಿಡುತ್ತೇನೆ. ಬಂದೂಕು ಜಾಸ್ತಿ ಇರುವುದು ಜನರ ಹತ್ತಿರ, ರೈಫಲ್ ಜಾಸ್ತಿ ಇರುವುದು ಸರ್ಕಾರದ ಹತ್ತಿರ, ಅಂದರೆ ಸೈನ್ಯ ಮತ್ತು ಪೊಲೀಸರ ಹತ್ತಿರ. ಬಂದೂಕು, ರೈಫಲ್ ಎರಡೂ ಒಂದೇ ಅಂದುಕೊಂಡು ಶುರು ಮಾಡಿದರೆ ಲೆಕ್ಕ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಈ ವಿಷಯದಲ್ಲಿ ಓದಿದವರೂ ತಪ್ಪುವುದು ಅಲ್ಲೇ.

ನಾನು ಮಲೆನಾಡಿನವನು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಜೋಡುನಳಿಗೆ ತೋಟಾ ಕೋವಿ ಇದೆ. ಅದನ್ನು ಮಡಚಿ, ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿದರೆ ಸ್ಟೀಲ್ ಲೋಟದ ಒಳಗಿನ ಹಾಗೆ ನುಣ್ಣಗೆ ಹೊಳೆಯುತ್ತದೆ. ಅದು ರೈಫಲ್ ಅಲ್ಲ. ರೈಫಲ್ಲಿನ ನಳಿಗೆಯೊಳಗೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ. ಗುಂಡು ಆ ಗೀರಿಗೆ ಕಚ್ಚಿ ತಿರುಗುತ್ತಾ ಹೊರಗೆ ಬರುತ್ತದೆ, ಅದಕ್ಕೇ ದೂರಕ್ಕೂ ನೇರವಾಗಿ ಹೋಗುತ್ತದೆ. ತೋಟಾ ಕೋವಿ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಇವೆಲ್ಲ ನುಣುಪು ನಳಿಗೆಯವು, ಚರೆ (ಸಣ್ಣ ಸೀಸದ ಗುಂಡುಗಳು) ಹಾರಿಸುವಂಥವು.

ಚುನಾವಣೆ ಬಂದಾಗ ಲೈಸೆನ್ಸ್ ಇದ್ದವರು ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಬೇಕಲ್ವಾ, ಹೋದ ಸಲ ನಾನೂ ಹೋಗಿ ಸಾಲಿನಲ್ಲಿ ನಿಂತಿದ್ದೆ. ಒಳಗೆ ಗೋಡೆಗೆ ಒರಗಿಸಿಟ್ಟ ಕೋವಿಗಳು, ಒಂದೊಂದಕ್ಕೂ ದಾರ ಕಟ್ಟಿ ಹೆಸರು, ಊರು, ಲೈಸೆನ್ಸ್ ನಂಬರ್ ಬರೆದ ರಟ್ಟಿನ ಚೀಟಿ. ನನ್ನ ಸರದಿ ಬರುವಷ್ಟರಲ್ಲಿ ಎಣಿಸಿದೆ. ನಲವತ್ತೇಳು ಇದ್ದವು, ಅದರಲ್ಲಿ ರೈಫಲ್ ಎರಡೇ ಎರಡು. ಉಳಿದದ್ದು ಹಂದಿ, ಮಂಗ ಓಡಿಸಲು ರೈತರು ಇಟ್ಟುಕೊಂಡ ಬೆಳೆ ರಕ್ಷಣೆಯ ಕೋವಿಗಳು. ಒಂದು ಸ್ಟೇಷನ್ನಿನಿಂದ ದೇಶದ ಲೆಕ್ಕ ಹೇಳಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ "ಬಂದೂಕು" ಅನ್ನುವ ಒಂದೇ ಪದದೊಳಗೆ ಏನೇನೆಲ್ಲ ಸೇರಿಕೊಂಡಿದೆ ಅನ್ನುವುದು ನನಗೆ ಅವತ್ತು ಸರಿಯಾಗಿ ಗೊತ್ತಾಯಿತು.

ಈಗ ಅಂಕಿಗೆ ಬರೋಣ. ಹುಡುಕಿದರೆ ಮೊದಲು ಸಿಗುವುದು 7.11 ಕೋಟಿ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2018ರಲ್ಲಿ ಕೊಟ್ಟ ಅಂದಾಜು ಅದು, 2017ರ ಸ್ಥಿತಿಗೆ. ಜನರ ಕೈಯಲ್ಲಿರುವ ಬಂದೂಕಿನ ಸಂಖ್ಯೆಯಲ್ಲಿ ಅಮೆರಿಕ 39.3 ಕೋಟಿಯೊಂದಿಗೆ ಮೊದಲು, ನಾವು ಎರಡನೆಯವರು. ಆದರೆ ಆ 7.11 ಕೋಟಿಯಲ್ಲಿ ದಾಖಲೆ ಇರುವುದು ಸುಮಾರು 97 ಲಕ್ಷಕ್ಕೆ ಮಾತ್ರ. ಉಳಿದ ಆರು ಕೋಟಿ ಚಿಲ್ಲರೆ ದಾಖಲೆ ಇಲ್ಲದ್ದು, ಅಂದರೆ ತಜ್ಞರ ಊಹೆ.

ಇಂಥ ಅಂಕಿ ಸಿಕ್ಕಾಗ ನಾನು ಅದನ್ನು ಮನೆ ಲೆಕ್ಕಕ್ಕೆ ಇಳಿಸಿ ನೋಡುತ್ತೇನೆ. 7.11 ಕೋಟಿ ಅಂದರೆ ನೂರು ಜನಕ್ಕೆ 5.3, ಹೆಚ್ಚುಕಡಿಮೆ ನಾಲ್ಕು ಮನೆಗೆ ಒಂದು ಬಂದೂಕು. ನಿಮ್ಮ ಬೀದಿಯಲ್ಲಿ ಹಾಗೆ ಇದೆಯಾ? ಕೊಡಗಿನ ಕೆಲವು ಊರಲ್ಲಿ ಇದ್ದೀತು. ಬೆಂಗಳೂರಿನ ಬಡಾವಣೆಯಲ್ಲಿ, ರಾಯಚೂರಿನ ಹಳ್ಳಿಯಲ್ಲಿ ಖಂಡಿತ ಇಲ್ಲ. ಕಳ್ಳ ಬಂದೂಕುಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬಿಹಾರದ ಮುಂಗೇರ್ ಕಡೆ ಕದ್ದು ತಯಾರಿಸುವುದು ಎಷ್ಟೋ ವರ್ಷದಿಂದ ನಡೆದಿದೆ. ಆದರೆ ಅಲ್ಲಿಂದ ಹೊರಬರುವುದು ಹೆಚ್ಚಾಗಿ ಕಟ್ಟಾ (ನಾಡ ಪಿಸ್ತೂಲು), ಪಿಸ್ತೂಲು. ನೀವು ಕೇಳಿರುವ ರೈಫಲ್ ಲೆಕ್ಕಕ್ಕೆ ಅವು ಬರುವುದೇ ಇಲ್ಲ.

ಅದಕ್ಕಿಂತ ಗಟ್ಟಿಯಾದ ಅಂಕಿ ಗೃಹ ಸಚಿವಾಲಯದ್ದು. 2016ರ ಕೊನೆಗೆ ದೇಶದಲ್ಲಿ ಚಾಲ್ತಿಯಲ್ಲಿದ್ದ ಬಂದೂಕು ಲೈಸೆನ್ಸ್ 33.69 ಲಕ್ಷ. ಉತ್ತರ ಪ್ರದೇಶವೊಂದರಲ್ಲೇ 12.77 ಲಕ್ಷ, ಆಮೇಲೆ ಜಮ್ಮು ಕಾಶ್ಮೀರ 3.69 ಲಕ್ಷ, ಪಂಜಾಬ್ 3.59 ಲಕ್ಷ. ಈ ಮೂರೇ ಸೇರಿ 20 ಲಕ್ಷ ದಾಟಿತು. ಆಗ ಒಬ್ಬರು ಮೂರು ಬಂದೂಕಿನವರೆಗೆ ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿಯಲ್ಲಿ ಅದು ಎರಡಕ್ಕೆ ಇಳಿಯಿತು. ಎಲ್ಲರೂ ಮೂರು ಮೂರು ಇಟ್ಟುಕೊಂಡಿದ್ದರು ಅಂತ ಗುಣಿಸಿದರೂ 1.01 ಕೋಟಿ. ಅದು ಮೇಲಿನ ಮಿತಿ. ನಾನು ಕಂಡಂತೆ ಬಹಳ ಜನರ ಲೈಸೆನ್ಸಿನಲ್ಲಿ ಇರುವುದು ಒಂದೇ.

ಲೈಸೆನ್ಸ್ ಎಣಿಸುವುದರಲ್ಲೂ ತೊಡಕಿದೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸೇ ಬೇಕಿಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕ ವಿನಾಯಿತಿ, ಸ್ವಾತಂತ್ರ್ಯದ ನಂತರವೂ ಉಳಿಯಿತು, ಈಗ 2029ರವರೆಗೆ ವಿಸ್ತರಿಸಿದ್ದಾರೆ. ಕೈಲ್ ಪೊಳ್ದ್ ದಿನ ಪೂಜೆಗೆ ಇಟ್ಟು, ಪುತ್ತರಿಗೆ ಕದಿರು ಕೊಯ್ಯುವಾಗ ಗಾಳಿಯಲ್ಲಿ ಹಾರಿಸುವ ಆ ಕೋವಿಗಳು ಲೈಸೆನ್ಸ್ ಪಟ್ಟಿಯಲ್ಲಿ ಸಿಗುವುದಿಲ್ಲ. ಆದರೆ ಇಡೀ ಜಿಲ್ಲೆಯ ಜನಸಂಖ್ಯೆಯೇ ಐದೂವರೆ ಲಕ್ಷ, ಹಾಗಾಗಿ ದೇಶದ ಮೊತ್ತ ಇದರಿಂದ ಅಷ್ಟೇನೂ ಅಲುಗಾಡುವುದಿಲ್ಲ.

ಇನ್ನೊಂದು ತೊಡಕು ನಮ್ಮ ಮನೆಯದೇ. ಅಪ್ಪ ತೀರಿಕೊಂಡಾಗ ಅವರ ಲೈಸೆನ್ಸ್ ಕೊನೆಯಾಯಿತು, ಕೋವಿಯನ್ನು ಡೀಲರ್ ಹತ್ತಿರ ಠೇವಣಿ ಇಟ್ಟೆವು, ನನ್ನ ಹೆಸರಿಗೆ ಆಗಲು ಎರಡು ವರ್ಷ ಹಿಡಿಯಿತು. ನಾನು ಹೊಸ ಪುಸ್ತಕ ತೆಗೆದುಕೊಳ್ಳುವಾಗಲೂ ಕಚೇರಿಯ ಹಳೆ ರಿಜಿಸ್ಟರಿನಲ್ಲಿ ಅಪ್ಪನ ಹೆಸರಿಗೆ ಗೆರೆ ಎಳೆದಿರಲಿಲ್ಲ. ಅಂದರೆ ಒಂದೇ ಕೋವಿ ಮೂರು ಕಡೆ ಲೆಕ್ಕಕ್ಕೆ ಸಿಗುತ್ತಿತ್ತು. ಈಗ ಪ್ರತಿ ಲೈಸೆನ್ಸಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು ರಾಷ್ಟ್ರಮಟ್ಟದ ಡೇಟಾಬೇಸಿಗೆ ಹಾಕುತ್ತಾರೆ. ಅದು ಆಗಲೇಬೇಕಿದ್ದ ಕೆಲಸ.

ಹಾಗಾದರೆ ಈ 33.69 ಲಕ್ಷದಲ್ಲಿ ರೈಫಲ್ ಎಷ್ಟು? ಸೈನ್ಯದ ಗುಂಡು ಹಾಕುವ ತ್ರೀ ನಾಟ್ ತ್ರೀ, 7.62, 5.56 ಇವೆಲ್ಲ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯರಿಗೆ ಸಿಗುವುದಿಲ್ಲ. ಜನರ ಹತ್ತಿರ ಇರುವುದು ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 315, ಸ್ವಲ್ಪ ಪಾಯಿಂಟ್ 22, ಅಲ್ಲೊಂದು ಇಲ್ಲೊಂದು ಥರ್ಟಿ ನಾಟ್ ಸಿಕ್ಸ್. ಉತ್ತರದಲ್ಲಿ 315 ಜಾಸ್ತಿ, ನಮ್ಮ ಕಡೆ ಕಡಿಮೆ. ಲೈಸೆನ್ಸುಗಳಲ್ಲಿ ಕಾಲು ಭಾಗ ರೈಫಲ್ ಅಂತ ಹಿಡಿದರೆ 8 ಲಕ್ಷ ಚಿಲ್ಲರೆ, ಅರ್ಧ ಅಂದರೂ 17 ಲಕ್ಷದ ಒಳಗೆ. ಈ ಕಾಲು, ಅರ್ಧ ನನ್ನ ಅಂದಾಜು.

ಸರ್ಕಾರದ ಕಡೆಯ ಪರಿಸ್ಥಿತಿ ಪೂರ್ತಿ ಬೇರೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಪಾಯಿಂಟ್ 22 ರೈಫಲ್ಲಿನ ನಳಿಗೆಗೆ ಪುಲ್‌ಥ್ರೂ ಅನ್ನುವ ಹಗ್ಗದಲ್ಲಿ ಚಿಂದಿ ಸಿಕ್ಕಿಸಿ ಎಳೆದು ಸ್ವಚ್ಛ ಮಾಡಿ ಕೋತ್‌ಗೆ (ಆಯುಧ ಇಡುವ ಕೋಣೆಗೆ) ಒಪ್ಪಿಸುತ್ತಿದ್ದೆವು. ಪ್ರತಿ ರೈಫಲ್ಲಿಗೂ ಹಿಡಿಯ ಮೇಲೆ ಬಟ್ ನಂಬರ್. ಒಂದು ಕಡಿಮೆ ಬಂದರೂ ಹವಾಲ್ದಾರರು ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ. ಒಂದೊಂದನ್ನೂ ದಿನಾ ಎಣಿಸುತ್ತಾರೆ, ಆದರೆ ಮೊತ್ತವನ್ನು ಹೊರಗೆ ಹೇಳುವುದಿಲ್ಲ. ಹಾಗಾಗಿ ಹೊರಗಿನವರು ಯೋಧರ ಸಂಖ್ಯೆಯನ್ನು ತಲೆಗೆ ಇಷ್ಟು ಅಂತ ಗುಣಿಸುತ್ತಾರೆ. ಸ್ಮಾಲ್ ಆರ್ಮ್ಸ್ ಸರ್ವೆ ಹಾಗೆ ಲೆಕ್ಕ ಹಾಕಿ ನಮ್ಮ ಸೈನ್ಯದ ಹತ್ತಿರ 39 ಲಕ್ಷ, ಪೊಲೀಸರ ಹತ್ತಿರ 17 ಲಕ್ಷ ಆಯುಧ ಅಂದಿದೆ.

ಹೀಗೆ ಗುಣಿಸುವಾಗ ತಲೆಗೆ ಒಂದಕ್ಕಿಂತ ಜಾಸ್ತಿ ಆಯುಧ ಹಿಡಿಯುವುದು ಯಾಕೆ ಅಂದರೆ, ಹೊಸದು ಬಂದ ಕೂಡಲೇ ಹಳೆಯದನ್ನು ಯಾರೂ ಎಸೆಯುವುದಿಲ್ಲ. 2021ರಲ್ಲಿ 6.01 ಲಕ್ಷ ಎಕೆ-203 ರೈಫಲ್ಲಿಗೆ ಒಪ್ಪಂದವಾಯಿತು, ಅಮೇಠಿಯ ಕೊರ್ವಾದಲ್ಲಿ ತಯಾರಾಗುತ್ತಿವೆ. ಅದಕ್ಕೂ ಮೊದಲು 2019ರಲ್ಲಿ ಅಮೆರಿಕದಿಂದ 72,400 ಸಿಗ್ 716 ರೈಫಲ್ ತರಿಸಿದರು. ಇವು ಬಂದಂತೆ ಸೈನ್ಯದ ಹಳೆ ಇನ್ಸಾಸ್ ರೈಫಲ್ಲುಗಳು ಹಿಂದಕ್ಕೆ ಸರಿಯುತ್ತವೆ, ಆದರೆ ಲೆಕ್ಕದಿಂದ ಮಾಯವಾಗುವುದಿಲ್ಲ. ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದ್ದೇ 2020ರ ಗಣರಾಜ್ಯೋತ್ಸವದಂದು!

39 ಮತ್ತು 17 ಸೇರಿ 56 ಲಕ್ಷ. ಪಿಸ್ತೂಲು, ಗಿಡ್ಡ ನಳಿಗೆಯ ಕಾರ್ಬೈನ್, ಮೆಷಿನ್‌ಗನ್ ಅಂತ ಕಾಲು ಭಾಗ ಕಳೆದರೆ ಸುಮಾರು 40 ಲಕ್ಷ ರೈಫಲ್. ಜನರ ಹತ್ತಿರ 8ರಿಂದ 17 ಲಕ್ಷ, ಸರ್ಕಾರದ ಹತ್ತಿರ 40 ಲಕ್ಷದ ಆಸುಪಾಸು. ನನ್ನ ಕಾಲು ಭಾಗದ ಊಹೆ ಎರಡೂ ಕಡೆ ಒಂದಿಷ್ಟು ತಪ್ಪಿದರೂ ಯಾರ ಹತ್ತಿರ ಜಾಸ್ತಿ ಅನ್ನುವುದು ಬದಲಾಗುವುದಿಲ್ಲ.

ಸುಮ್ನೆ ಊಹೆ ಬೇಡ, ಗಟ್ಟಿ ಅಂಕಿ ಬೇಕು ಅಂದರೆ ನಿಮ್ಮ ಜಿಲ್ಲೆಯಿಂದ ಶುರು ಮಾಡಿ. ಲೈಸೆನ್ಸ್ ಪುಸ್ತಕದಲ್ಲಿ ಆಯುಧದ ಬಗೆ ಬರೆದೇ ಇರುತ್ತದೆ: ರೈಫಲ್, ಡಿಬಿಬಿಎಲ್ (ಜೋಡುನಳಿಗೆ ತೋಟಾ ಕೋವಿ), ಎಸ್‌ಬಿಬಿಎಲ್ (ಒಂಟಿನಳಿಗೆ ತೋಟಾ ಕೋವಿ), ಎಸ್‌ಬಿಎಂಎಲ್ (ಬಾಯಿಂದ ಮದ್ದು ತುಂಬುವ ಒಂಟಿನಳಿಗೆ ಕೋವಿ), ರಿವಾಲ್ವರ್ ಅಂತ. ಹತ್ತು ರೂಪಾಯಿ ಶುಲ್ಕ ಕಟ್ಟಿ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ದೊಡ್ಡ ನಗರವಾದರೆ ಪೊಲೀಸ್ ಕಮಿಷನರ್ ಕಚೇರಿಗೆ. ಯಾರ ಹೆಸರೂ ಕೇಳಬೇಡಿ, ಬಗೆವಾರು ಸಂಖ್ಯೆ ಮಾತ್ರ ಕೇಳಿ. ಬಂದರೆ ನನಗೂ ತಿಳಿಸಿ, ನನ್ನ ಕಾಲು ಭಾಗದ ಲೆಕ್ಕವನ್ನು ಅದರ ಪ್ರಕಾರ ತಿದ್ದಿಕೊಳ್ಳುತ್ತೇನೆ.