ಶಾಲೆಗೆ ಬಂದ ರೈಟರು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದಲ್ಲಿ ಯಾರ ಹೆಸರನ್ನೂ ಬರೆದಿಲ್ಲ, ಬದಲಿ ಹೆಸರನ್ನೂ ಇಟ್ಟಿಲ್ಲ. ಮೂಡಿಗೆರೆ ಕಡೆಯವರೊಬ್ಬರಿಗೆ ಬದಲಿ ಹೆಸರು ಕೊಟ್ಟರೆ ಓದಿದವರು ಅದರ ಹಿಂದಿನ ನಿಜ ಹೆಸರನ್ನು ಹುಡುಕಲು ತೊಡಗುತ್ತಾರೆ ಎಂಬುದು ನನ್ನ ಅನುಭವ. ಬಂದವರನ್ನು ಅವರು ಮೂವತ್ತೊಂದು ವರ್ಷ ಕಾಫಿ ತೋಟದಲ್ಲಿ ಮಾಡಿದ ಕೆಲಸದಿಂದಲೇ ರೈಟರು, ಅಂದರೆ ಕೂಲಿಯವರ ಹಾಜರಿ ಬರೆಯುವವರು, ಎಂದು ಕರೆಯುತ್ತೇನೆ. ಆ ಸೀಮೆಯಲ್ಲಿ ರೈಟರಾಗಿದ್ದವರಿಗೆ ಕಡಿಮೆಯಿಲ್ಲ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಹುಡುಗನ ಮತ್ತು ಶಾಲೆಯ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ನನ್ನ ಬಳಿಗೆ ಕರೆತಂದವರು ಅವರ ಹೆಂಡತಿ. ಡಿಸೆಂಬರಿನ ಒಂದು ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಇಬ್ಬರೂ ಚಿಕ್ಕಮಗಳೂರಿಗೆ ಬಂದಿದ್ದರು. ಮೂರು ವಾರಗಳಿಂದ ರಾತ್ರಿ ಎರಡು ಗಂಟೆಗೇ ಎಚ್ಚರವಾಗುತ್ತದೆ, ಬಿ.ಪಿ. ಏರಿದೆ, ಊಟ ಸೇರುವುದಿಲ್ಲ, ಮನೆಗೆ ಬಂದವರು ಶಾಲೆಯ ವಿಷಯ ಎತ್ತಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾರೆ ಎಂದು ಆಕೆ ಒಂದೇ ಉಸಿರಿಗೆ ಹೇಳಿದರು. ಕುರ್ಚಿಯ ತುದಿಯಲ್ಲಿ ಕುಳಿತಿದ್ದ ರೈಟರು, “ಮೇಡಂ, ನನಗೆ ಕಾಯಿಲೆ ಏನಿಲ್ಲ. ಒಳ್ಳೇದು ಮಾಡೋಕೆ ಹೋದೆ, ಮರ್ಯಾದೆ ಹೋಯ್ತು. ಅಷ್ಟೇ” ಎಂದರು.

ನಡೆದದ್ದು ಹೀಗೆ. ಅರವತ್ತಕ್ಕೆ ಕೆಲಸದಿಂದ ನಿವೃತ್ತರಾದ ಮೇಲೆ ಎರಡು ವರ್ಷ ಮನೆಯಲ್ಲಿ ಕಳೆದ ಅವರು, ಜೂನ್‌ನಲ್ಲಿ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ತಾವಾಗಿಯೇ ಹೋಗಿದ್ದರು. ಒಂದರಿಂದ ಏಳನೇ ತರಗತಿಯವರೆಗೆ ನಲವತ್ತಕ್ಕೂ ಕಡಿಮೆ ಮಕ್ಕಳು, ಇಬ್ಬರು ಕಾಯಂ ಶಿಕ್ಷಕಿಯರು, ಒಬ್ಬ ಅತಿಥಿ ಶಿಕ್ಷಕ. ಮೂರನೇ ತರಗತಿಯವರೆಗಿನ ಮಕ್ಕಳನ್ನು ನಲಿ-ಕಲಿ ಪದ್ಧತಿಯಲ್ಲಿ ಒಬ್ಬರು ಒಟ್ಟಿಗೆ ಕೂರಿಸಿಕೊಂಡರೆ ಉಳಿದ ನಾಲ್ಕು ತರಗತಿಗಳಿಗೆ ಇಬ್ಬರೇ ಉಳಿಯುತ್ತಿದ್ದರು. ವಾರಕ್ಕೆ ಮೂರು ಮಧ್ಯಾಹ್ನ ನಾಲ್ಕು ಮತ್ತು ಐದನೇ ತರಗತಿಗೆ ಲೆಕ್ಕ, ಓದು ನೋಡಿಕೊಳ್ಳುವಂತೆ ಮುಖ್ಯ ಶಿಕ್ಷಕಿ ಒಪ್ಪಿಸಿದರು. ಲೆಕ್ಕದಲ್ಲಿ ರೈಟರು ನಿಜಕ್ಕೂ ಗಟ್ಟಿಗರು. ಸಾಲ ತೆಗೆದುಕೊಂಡು ಕಳೆಯುವ ಲೆಕ್ಕ ಹತ್ತದ ಮಕ್ಕಳಿಗೆ ಅವರು ತೂಕದ ಕಲ್ಲಿನ ಮಾತಿನಲ್ಲಿ ಹೇಳಿದ್ದರು: ನಿಮ್ಮಮ್ಮ ತಂದ ಹಣ್ಣು ಚೀಲದ ಸಮೇತ 52 ಕೆ.ಜಿ., ಬೆಳಿಗ್ಗೆ ತೂಗಿದ್ದು 27, ಹಾಗಾದರೆ ಮಧ್ಯಾಹ್ನದ್ದು ಎಷ್ಟು? ಕಿಲೋ ಲೆಕ್ಕದಲ್ಲಿ ಕೂಲಿ ಬರುವ ಮನೆಯ ಮಕ್ಕಳು ಅದನ್ನು ತಕ್ಷಣ ಹಿಡಿದುಬಿಟ್ಟವು. ಇದನ್ನು ಹೇಳುವಾಗ ಮಾತ್ರ ಅವರ ಬೆನ್ನು ಕುರ್ಚಿಗೆ ತಾಗಿತು.

ತೊಡಕು ಬಂದದ್ದು ಓದಿನಲ್ಲಿ. ಐದನೇ ತರಗತಿಯ ಒಬ್ಬ ಹುಡುಗ, ತೋಟದ ಕೂಲಿಯವರಿಗೆ ಕಟ್ಟಿದ ಲೈನ್‌ಮನೆಯವನು, ಮನೆಯಲ್ಲಿ ತಮಿಳು ಮಾತು. ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದ; ಭಾರತವನ್ನು ಬಾರತ ಎಂದು, ಘಂಟೆಯನ್ನು ಗಂಟೆ ಎಂದು ಓದುತ್ತಿದ್ದ. ರೈಟರು ಅವನ ಮೇಲೆ ವಿಶೇಷ ಕಾಳಜಿ ವಹಿಸಿದರು. ಪಾಠದ ಪ್ರತಿ ದಿನವೂ ಅವನನ್ನು ನಿಲ್ಲಿಸಿ ಗಟ್ಟಿಯಾಗಿ ಓದಿಸಿ, ಪ್ರತಿ ಮಹಾಪ್ರಾಣಕ್ಕೂ ತಡೆದು ತಿದ್ದಿದರು. ತಿದ್ದಿದ್ದು ಎಷ್ಟು ಬಾರಿ ಎಂದು ಬರೆದೂ ಇಟ್ಟರು. ಅಕ್ಟೋಬರ್ ರಜೆಯ ಹೊತ್ತಿಗೆ ಹುಡುಗ ಅವರ ಮುಂದೆ ಬಾಯಿಯನ್ನೇ ತೆರೆಯದಾದ. ನವೆಂಬರಿನಲ್ಲಿ ಶಾಲೆಗೇ ಬರಲಿಲ್ಲ. ನಾಲ್ಕನೇ ದಿನ ಸಂಜೆ ರೈಟರು ಲೈನಿಗೆ ಹೋಗಿ, ಅವನ ತಂದೆಯನ್ನು ಹೊರಗೆ ಕರೆದು, “ಯಾಕೋ, ಹುಡುಗನ್ನ ಕಳಿಸ್ತಿಲ್ಲ?” ಎಂದು ಕೇಳಿದರು. ಆತ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, “ನಾಳೆಯಿಂದ ಕಳಿಸ್ತೀನಿ ಸಾರ್” ಎಂದ. ಮರುದಿನ ಹುಡುಗನನ್ನು ಸಕಲೇಶಪುರದ ಕಡೆ ಇರುವ ಅತ್ತೆಯ ಮನೆಗೆ ಕಳಿಸಲಾಗಿತ್ತು. ಅದೇ ಲೈನಿನ ಇನ್ನಿಬ್ಬರು ಮಕ್ಕಳೂ ಬರುವುದನ್ನು ನಿಲ್ಲಿಸಿದರು. ವಾರದೊಳಗೆ ಮುಖ್ಯ ಶಿಕ್ಷಕಿ ರೈಟರನ್ನು ಕರೆದು, ಸ್ವಲ್ಪ ದಿನ ಬರುವುದು ಬೇಡ ಎಂದರು.

ಮೊದಲ ಎರಡು ಭೇಟಿಗಳಲ್ಲಿ ನಾನು ದಾರಿ ತಪ್ಪಿದೆ ಎಂದು ಒಪ್ಪಿಕೊಳ್ಳಬೇಕು. ನಿವೃತ್ತಿ, ಖಾಲಿ ಮನೆ, ಮಂಗಳೂರಿನಲ್ಲಿರುವ ಮಗಳು, ಕೈಯಲ್ಲಿ ಕೆಲಸವಿಲ್ಲದ ಗಂಡಸಿನ ಕುಗ್ಗು ಎಂದೇ ತಿಳಿದು, ದಿನಚರಿ, ವಾಯುವಿಹಾರ, ಬೇರೆ ಹವ್ಯಾಸ ಎಂದೆಲ್ಲ ಮಾತಾಡಿದೆ. ಬಿ.ಪಿ.ಗೆ ವೈದ್ಯರನ್ನು ಕಾಣಲು ಹೇಳಿದ್ದು, ರಾತ್ರಿ ಮನಸ್ಸು ತೀರಾ ಕಲಕಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದು ತಿಳಿಸಿದ್ದು ತಪ್ಪಲ್ಲ. ಆದರೆ ಅವರ ಸಂಕಟದ ಹತ್ತಿರಕ್ಕೆ ನಾನು ಹೋಗಿರಲಿಲ್ಲ. ಅವರು ಸಭ್ಯವಾಗಿ ಕೇಳಿಸಿಕೊಂಡು, ಮೂರನೇ ಬಾರಿ ಬರುವಾಗ ಒಂದು ಪುಸ್ತಕವನ್ನು ಕೈಚೀಲದಲ್ಲಿ ತಂದರು. ನಾನು ನಂಬುವುದಿಲ್ಲವೆಂದು ಸಾಕ್ಷಿಗೆ ತಂದದ್ದು.

ಅದು ಉದ್ದನೆಯ, ದಪ್ಪ ರಟ್ಟಿನ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ ಪುಸ್ತಕ. ಎಡಗಡೆ ಮಕ್ಕಳ ಹೆಸರು, ಮೇಲುಗಡೆ ತಾರೀಕು, ಸ್ಕೇಲಿಟ್ಟು ಎಳೆದ ಮನೆಗಳು. ಬಂದ ದಿನಕ್ಕೆ ಗೀಟು, ಬಾರದ ದಿನಕ್ಕೆ ಸೊನ್ನೆ, ತಡವಾಗಿ ಬಂದವರಿಗೆ ಅರ್ಧ. ಕೆಲವು ಮನೆಗಳಲ್ಲಿ ಕೆಂಪು ಪೆನ್ಸಿಲಿನಲ್ಲಿ ಸಣ್ಣ ಅಂಕಿ. ಅದು ಓದಿನಲ್ಲಿ ತಪ್ಪಿದ ಲೆಕ್ಕ. ಆ ಹುಡುಗನ ಸಾಲಿನಲ್ಲಿ 14, 17, 11, 19 ಎಂದಿದ್ದು, ಆಮೇಲೆ ಸಾಲುಸಾಲಾಗಿ ಸೊನ್ನೆಗಳು. ನಾನು ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲನ್ನು ನೋಡಿದ್ದೇನೆ. “ಇದು ಚೆಕ್‌ರೋಲ್ ಅಲ್ಲವೇ ರೈಟ್ರೇ?” ಎಂದು ಕೇಳಿದೆ. ಅವರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು.

ಇಲ್ಲಿ ಮಲೆನಾಡಿನ ಹೊರಗಿನ ಓದುಗರಿಗೆ ಒಂದು ಮಾತು ಹೇಳಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ದೊಡ್ಡ ತೋಟಗಳು ಕೂಲಿಯವರಿಗೆ ವಸತಿ ಕೊಡಬೇಕಾಗಿ ಬಂದು, ಲೈನ್‌ಮನೆಗಳು ತೋಟದ ಬದುಕಿನ ಭಾಗವಾಗಿವೆ. ಮನೆ ಕೆಲಸಕ್ಕೆ ಅಂಟಿಕೊಂಡಿರುವುದರಿಂದ ಕೆಲಸ ಹೋದರೆ ಸೂರೂ ಹೋಗುತ್ತದೆ ಎಂಬ ಭಯ ಲೈನಿನಲ್ಲಿ ಯಾವಾಗಲೂ ಇರುತ್ತದೆ. ಹಾಜರಿ ಹಾಕುವವನು, ಅರ್ಧ ದಿನ ಬರೆಯುವವನು, ಬಟವಾಡೆಯ ದಿನ ಹೆಸರು ಕೂಗುವವನು ರೈಟರು. ಅವನು ನಿವೃತ್ತನಾದ ಎಂಬುದು ಕಾಗದದ ಮಾತು. ಅಂಥವನು ಸಂಜೆ ಬಾಗಿಲಿಗೆ ಬಂದು ನಿಂತು ಮಗ ಯಾಕೆ ಬರಲಿಲ್ಲ ಎಂದು ಕೇಳಿದರೆ, ತಂದೆಯ ಕಿವಿಗೆ ಅದು ಶಾಲೆಯ ವಿಚಾರವಾಗಿ ಕೇಳುವುದೇ ಇಲ್ಲ. ಇಲ್ಲ ಎನ್ನಲಾರದವರು ಹೂಂ ಎಂದು, ಆಮೇಲೆ ಕಣ್ಮರೆಯಾಗುತ್ತಾರೆ. ರೈಟರು ಇದನ್ನು ಸುಳ್ಳು ಹೇಳಿ ಮೋಸ ಮಾಡಿದ್ದು ಎಂದು ತಿಳಿದು ಕೊರಗುತ್ತಿದ್ದರು.

ಆ ದಿನ ಅವರು ಇನ್ನೊಂದು ಸಂಗತಿ ಹೇಳಿದರು. ಸುಮಾರು ಇಪ್ಪತ್ತು ವರ್ಷದ ಹಿಂದೆ, ಕುಯ್ಲಿನ ಕಾಲದಲ್ಲಿ, ಮಗುವಿಗೆ ಜ್ವರವೆಂದು ತಡವಾಗಿ ಬಂದ ಒಬ್ಬ ಹೆಂಗಸಿಗೆ ಅವರು ಅರ್ಧ ದಿನ ಬರೆದಿದ್ದರು. ಆಕೆ ಜಗಳವಾಡಲಿಲ್ಲ, ಸಂಜೆಯವರೆಗೂ ಪೂರ್ತಿ ಕೆಲಸ ಮಾಡಿ, ಹೋಗುವಾಗ ಮತ್ತೊಮ್ಮೆ ಕೇಳಿದಳು. “ಬರೆದಾಗಿದೆ” ಎಂದಿದ್ದರಂತೆ. ಆ ಹೆಂಗಸಿಗೂ ಈ ಹುಡುಗನ ಮನೆಗೂ ಸಂಬಂಧವಿಲ್ಲ, ತೋಟವೇ ಬೇರೆ. ಆದರೂ ಲೈನಿನ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟರೆ ಆ ಅರ್ಧ ದಿನವನ್ನು ಎಲ್ಲೋ ತೀರಿಸಿದಂತೆ ಎಂದು ತಮಗೆ ಅನ್ನಿಸುತ್ತಿತ್ತು ಎಂದರು. ತೀರಿಸಲು ಬಂದವರಿಗೆ ಅವಸರವಿರುತ್ತದೆ. ಹುಡುಗ ಬೇಗ ಓದಲು ಕಲಿಯಲೇಬೇಕಾಗಿತ್ತು, ಅವನು ಕಲಿಯದಿದ್ದಷ್ಟೂ ಸಾಲ ಉಳಿಯುತ್ತಿತ್ತು. ಇದನ್ನು ನಾನು ಹೇಳಲು ಹೋಗಲಿಲ್ಲ, ಮುಂದಿನ ಭೇಟಿಯಲ್ಲಿ ಅವರೇ ಬೇರೆ ಮಾತಿನಲ್ಲಿ ಹೇಳಿದರು: “ಪಾಪ, ಆ ಹುಡುಗನ ತಲೆ ಮೇಲೆ ನನ್ನ ಬಾಕಿ ಹೊರಿಸಿದ್ದೆ.”

ಅವರ ಲಿಖಿತ ಒಪ್ಪಿಗೆ ಪಡೆದು ಮುಖ್ಯ ಶಿಕ್ಷಕಿಯೊಡನೆ ಫೋನಿನಲ್ಲಿ ಮಾತಾಡಿದೆ. “ಲೆಕ್ಕ ಚೆನ್ನಾಗಿ ಹೇಳಿಕೊಡ್ತಾರೆ ಮೇಡಂ, ಮಕ್ಕಳೂ ಕೇಳ್ತಾವೆ. ಆದರೆ ಮನೆಗೆ ಹೋಗಬಾರದಿತ್ತು. ತೋಟದವರು ನಮ್ಮ ಹತ್ತಿರ ಬಂದು ದೂರು ಹೇಳಲ್ಲ, ಮಕ್ಕಳನ್ನ ನಿಲ್ಲಿಸಿಬಿಡ್ತಾರೆ” ಎಂದರು ಆಕೆ. ಹುಡುಗ ಬಾರದಿರಲು ಕುಯ್ಲೂ ಕಾರಣವೆಂದು ತಿಳಿದದ್ದು ಆಗಲೇ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾದರೆ, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ ಶುರುವಾಗಿ ಫೆಬ್ರವರಿ ದಾಟುತ್ತದೆ. ತಾಯಿ ತೋಟಕ್ಕೆ ಹೋದಾಗ ಎರಡು ವರ್ಷದ ತಂಗಿಯನ್ನು ನೋಡಿಕೊಳ್ಳಲು ಅವನು ಮೊದಲಿಂದಲೂ ಆಗಾಗ ಉಳಿಯುತ್ತಿದ್ದ. ರೈಟರ ಪುಸ್ತಕದ ಸೊನ್ನೆಗಳಲ್ಲಿ ಈ ವಿವರಕ್ಕೆ ಜಾಗವಿರಲಿಲ್ಲ.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಇನ್ನು ಮುಂದೆ ಯಾವ ಕಾರಣಕ್ಕೂ ಲೈನಿಗೆ ಹೋಗಬಾರದು, ಕ್ಷಮೆ ಕೇಳುವುದಕ್ಕೂ ಹೋಗಬಾರದು ಎಂಬುದು. ಇದು ಅವರಿಗೆ ಹಿಡಿಸಲಿಲ್ಲ. ತಪ್ಪೊಪ್ಪಿಕೊಂಡರೆ ತಮ್ಮ ಮನಸ್ಸು ಹಗುರವಾಗುತ್ತದೆ ಎಂದರು. ನಿಮ್ಮ ಮನಸ್ಸು ಹಗುರವಾಗಬಹುದು, ಆದರೆ ರೈಟರು ಕೈಮುಗಿದು ನಿಂತರೆ ಆ ತಂದೆಗೆ ಮತ್ತಷ್ಟು ದಿಗಿಲಾಗುತ್ತದೆ, ಮತ್ತೊಮ್ಮೆ ಹೂಂ ಎನ್ನಬೇಕಾದವನು ಅವನೇ ಎಂದೆ. ಮಗು ಬಾರದಿದ್ದರೆ ವಿಚಾರಿಸುವ ಹೊಣೆ ಶಾಲೆಯದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಆರರಿಂದ ಹದಿನಾಲ್ಕರ ಮಕ್ಕಳ ಹಾಜರಿಯ ಹೊಣೆಯನ್ನು ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರಗಳ ಮೇಲೆ ಹೊರಿಸಲಾಗಿದೆ; ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕಾದ ಶಾಲಾ ಸಮಿತಿಯೂ (ಎಸ್‌ಡಿಎಂಸಿ) ಇದೆ. ಲೈನಿನ ಒಬ್ಬ ತಾಯಿ ಎಸ್‌ಡಿಎಂಸಿಯಲ್ಲಿದ್ದರೆ ಆಕೆ ಕೇಳುವ ಪ್ರಶ್ನೆಗೂ ರೈಟರು ಕೇಳುವ ಪ್ರಶ್ನೆಗೂ ಅಜಗಜಾಂತರ.

ಎರಡನೆಯದು ಓದಿಸುವ ಬಗೆ. ಅದೇ ಕಾಯ್ದೆಯ 17ನೇ ಕಲಮಿನಲ್ಲಿ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂದಾಗ ಅವರ ಮುಖ ಕಪ್ಪಿಟ್ಟಿತು. ತಾವು ಒಂದು ಏಟೂ ಹಾಕಿದವರಲ್ಲ ಎಂದರು. ನಿಜ, ಅವರನ್ನು ಅಪರಾಧಿ ಮಾಡುವುದು ನನ್ನ ಉದ್ದೇಶವಾಗಿರಲಿಲ್ಲ. ಆದರೆ ದಿನವೂ ಇಡೀ ತರಗತಿಯ ಮುಂದೆ ಎದ್ದು ನಿಂತು ಹದಿನಾಲ್ಕು ಬಾರಿ ತಪ್ಪುವ ಹತ್ತು ವರ್ಷದ ಹುಡುಗನ ಕಡೆಯಿಂದ ಒಮ್ಮೆ ನೋಡಿ ಎಂದು ಕೇಳಿಕೊಂಡೆ. ಮನೆಯಲ್ಲಿ ತಮಿಳಾಡುವ ಮಗುವಿನ ನಾಲಿಗೆಗೆ ಮಹಾಪ್ರಾಣದ ರೂಢಿಯಿಲ್ಲ. ಹಾಗೆ ನೋಡಿದರೆ ಕನ್ನಡವನ್ನೇ ಆಡುವ ನಮ್ಮಲ್ಲಿ ಎಷ್ಟು ಜನ ಸಂತೆಯಲ್ಲಿ ಘ, ಭ ಉಚ್ಚರಿಸುತ್ತೇವೆ? ಸಾಲು ಮುಗಿಯುವವರೆಗೆ ತಡೆಯಬೇಡಿ, ಓದಿದ್ದರಲ್ಲಿ ಏನಿತ್ತು ಎಂದು ಕೇಳಿ, ಅರ್ಥವಾಗಿದ್ದರೆ ಆ ದಿನಕ್ಕೆ ಸಾಕು ಎಂದೆ. ಐದನೆಯವನಿಗೆ ಐದರ ಪುಸ್ತಕವೇ ಬೇಕೆಂದಿಲ್ಲ. ಮೂರನೇ ತರಗತಿಯ ಪಾಠವನ್ನು ಒಂದನೇ ತರಗತಿಯ ಮಗುವಿಗೆ ಓದಿ ಹೇಳುವ ಕೆಲಸ ಕೊಟ್ಟರೆ, ಕೆಳಗಿನ ಪುಸ್ತಕ ಹಿಡಿದ ನಾಚಿಕೆ ಅಣ್ಣನಾದ ಗತ್ತಿನಲ್ಲಿ ಮರೆಯಾಗುತ್ತದೆ. ಅವನನ್ನು ನಿಲ್ಲಿಸಿ ತಾವು ಕುರ್ಚಿಯಲ್ಲಿ ಕೂರುವ ಬದಲು ಇಬ್ಬರೂ ಚಾಪೆಯ ಮೇಲೆ ಕೂರಬಹುದು. “ಮಂಡಿ ನೋವು” ಎಂದರು. ಹಾಗಾದರೆ ಇಬ್ಬರೂ ಬೆಂಚಿನ ಮೇಲೆ ಎಂದೆ.

ಇನ್ನುಳಿದವು ಸ್ವಯಂಸೇವೆಗೆ ಹೋಗುವ ಎಲ್ಲರಿಗೂ ನಾನು ಹೇಳುವಂಥವೇ. ಮಕ್ಕಳ ಜೊತೆ ಜಗಲಿಯಲ್ಲಿ, ಶಿಕ್ಷಕಿಯ ಕಣ್ಣಿಗೆ ಕಾಣುವಂತೆ ಕೂರಬೇಕು. ಒಂದು ಮಗುವಿನೊಡನೆ ಬಾಗಿಲು ಹಾಕಿದ ಕೋಣೆಯಲ್ಲಿ ಎಂದೂ ಇರಬಾರದು. ಒಂದೇ ಮಗುವಿಗೆ ಉಡುಗೊರೆ ಕೊಡಬಾರದು, ಕೊಡುವುದಿದ್ದರೆ ಶಾಲೆಗೆ ಕೊಡಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಶಂಕೆ ಬಂದರೆ ತಾವೇ ತನಿಖೆ ಮಾಡದೆ, ಗುಟ್ಟಾಗಿಯೂ ಇಡದೆ, ಪೊಲೀಸರಿಗೆ ತಿಳಿಸಬೇಕು. 2012ರ ಪೋಕ್ಸೊ ಕಾಯ್ದೆಯಲ್ಲಿ ಅದು ತಿಳಿದವರೆಲ್ಲರ ಕರ್ತವ್ಯ. ಬೇರೆ ಬಗೆಯ ತೊಂದರೆಗಳಿಗೆ ಮಕ್ಕಳ ಸಹಾಯವಾಣಿ 1098 ಇದೆ. ಬರುತ್ತೇನೆಂದ ದಿನ ಬರಬೇಕು, ಬರಲಾಗದಿದ್ದರೆ ಹಿಂದಿನ ದಿನವೇ ಮಕ್ಕಳಿಗೆ ತಿಳಿಯಬೇಕು. ಈ ಕೊನೆಯದನ್ನು ರೈಟರಿಗೆ ಹೇಳುವ ಅಗತ್ಯವೇ ಇರಲಿಲ್ಲ. ಒಂದು ದಿನವೂ ತಪ್ಪಿಸಿದವರಲ್ಲ.

ಪುಸ್ತಕದ ವಿಷಯದಲ್ಲಿ ಮಾತ್ರ ನಾವು ಎರಡು ಭೇಟಿಗಳಷ್ಟು ಕಾದಾಡಿದೆವು. ಬರೆಯದಿದ್ದರೆ ತಮಗೆ ಕೈಕಾಲು ಆಡುವುದಿಲ್ಲ ಎಂದರು. ಹಾಗಾದರೆ ಮಕ್ಕಳ ಹೆಸರಿಲ್ಲದ ಸಣ್ಣ ನೋಟುಬುಕ್ಕಿನಲ್ಲಿ ಆ ದಿನ ತಾವು ಮಾಡಿದ್ದನ್ನು ಬರೆಯಿರಿ, ಮಕ್ಕಳು ಮಾಡಿದ್ದನ್ನು ಬೇಡ ಎಂಬಲ್ಲಿಗೆ ರಾಜಿಯಾಯಿತು.

ಜನವರಿಯ ಕೊನೆಗೆ ಮುಖ್ಯ ಶಿಕ್ಷಕಿಯನ್ನು ಕಂಡು, ಶಾಲೆಗೆ ಏನು ಬೇಕೋ ಅದನ್ನೇ ಮಾಡುತ್ತೇನೆ ಎಂದು ಹೇಳಿ ಬಂದರು. ಆಕೆ ಕೊಟ್ಟ ಮೊದಲ ಕೆಲಸ, ಹರಿದ ಗ್ರಂಥಾಲಯದ ಪುಸ್ತಕಗಳಿಗೆ ಗೋಂದು ಹಚ್ಚುವುದು. ಮೂರು ವಾರ ಅದನ್ನೇ ಮಾಡಿದರು; ಪಕ್ಕದಲ್ಲಿ ಕೂತು ಪುಟ ಒತ್ತಿ ಹಿಡಿಯಲು ಮಕ್ಕಳು ತಾವಾಗಿಯೇ ಬಂದವು. ಆಮೇಲೆ ಲೆಕ್ಕ ಮತ್ತೆ ಅವರ ಪಾಲಿಗೆ ಬಂತು. ಲೈನಿನ ಇಬ್ಬರು ಮಕ್ಕಳು ಫೆಬ್ರವರಿಯಲ್ಲೂ, ಆ ಹುಡುಗ ಕುಯ್ಲು ಮುಗಿದ ಮೇಲೆ ಮಾರ್ಚಿನಲ್ಲೂ ಶಾಲೆಗೆ ಮರಳಿದರು. ಹುಡುಗ ರೈಟರ ಬಳಿ ಓದಲು ಕೂರುವುದಿಲ್ಲ. ಅತಿಥಿ ಶಿಕ್ಷಕನ ಹತ್ತಿರ ಓದುತ್ತಾನೆ. ಅದು ಹಾಗೆಯೇ ಇರಲಿ ಎಂದು ನಾನೂ ಮುಖ್ಯ ಶಿಕ್ಷಕಿಯೂ ಹೇಳಿದ್ದೇವೆ. ರೈಟರಿಗೆ ಇದು ಈಗಲೂ ನೋವು. ನಿದ್ದೆ ನಾಲ್ಕೂವರೆಯವರೆಗೆ ಬರುತ್ತದೆ, ತೋಟದ ಕಾಲದಲ್ಲೂ ಏಳುತ್ತಿದ್ದದ್ದು ಆಗಲೇ.

ಹಳೆಯ ಪುಸ್ತಕವನ್ನು ಒಮ್ಮೆ ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಮಕ್ಕಳ ಹೆಸರಿರುವುದನ್ನು ನಾನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಮರಳಿಸಿದೆ. ಹಾಳೆಗಳನ್ನೆಲ್ಲ ಕಿತ್ತು ಬಚ್ಚಲ ಹಂಡೆಯ ಒಲೆಗೆ ಹಾಕಿದರೆಂದು ಆಮೇಲೆ ಅವರ ಹೆಂಡತಿ ಹೇಳಿದರು. ರಟ್ಟನ್ನು ಮಾತ್ರ ಸುಡಲು ಬಿಡಲಿಲ್ಲವಂತೆ. ಗಟ್ಟಿ ರಟ್ಟು, ಮಕ್ಕಳಿಗೆ ತೊಡೆಯ ಮೇಲಿಟ್ಟುಕೊಂಡು ಬರೆಯಲು ಆಗುತ್ತದೆ ಎಂದು ಎತ್ತಿಟ್ಟಿದ್ದಾರೆ.