ಉದ್ರಿ ಯಾರಿಗೆ ಸಿಗುತ್ತದೆ?

ಪ್ರಶ್ನೆ: ನಮ್ಮದು ಕೊಲ್ಲಾಪುರಿ ಚಪ್ಪಲಿ ಮಾಡುವ ದಲಿತ ಮನೆತನ. ತೊಗಲಿಗೆ ನಾವು ರೊಕ್ಕ ಎಣಿಸಲೇಬೇಕು. ಪಕ್ಕದ ಅಂಗಡಿಯವರಿಗೆ ಬರೀ ಮಾತಿನ ಮೇಲೆ ತಿಂಗಳ ಉದ್ರಿ! ಕಸುಬು ಗೊತ್ತಿದ್ದರೆ ಸಾಲದೇ?
– ಓದುಗ, ಅಥಣಿ

ಉತ್ತರ: ಸಾಲದು ತಮ್ಮಾ. ಪಕ್ಕದವರ ಬಂಡವಾಳ ಗಲ್ಲಾದಲ್ಲಿಲ್ಲ, ಬೀಗರಲ್ಲಿದೆ. ಬಾಕಿ ತಪ್ಪಿದರೆ ತೊಗಲಿನ ವ್ಯಾಪಾರಿ ಮದುವೆಮನೆಯಲ್ಲೇ ಸೋದರಮಾವನನ್ನು ಹಿಡಿದು ಕೇಳುತ್ತಾನೆ. ನಿಮ್ಮ ಬಳಗವೂ ದೊಡ್ಡದೇ. ಆದರೆ ಎಲ್ಲರೂ ಉಳಿ ಹಿಡಿದವರು. ಮಾಲು ಕೊಡುವವರು, ಸಾಲ ಕೊಡುವವರು ಇಲ್ಲ, ಅಲ್ವಾ? ನಾನು ಬ್ಯಾಂಕಿನ ಸಾಲದ ಮೇಜಿನಲ್ಲಿ ಕೂತವನು. ಫಾರಂ ಬಿಚ್ಚುವ ಮೊದಲೇ ಮ್ಯಾನೇಜರು ಕೇಳುತ್ತಿದ್ದುದು, ‘ಯಾರ ಕಡೆಯವರು?’

ಇಂಥ ನಂಟು ಬೆಳೆಸಲೆಂದೇ 2005ರಲ್ಲಿ ಮಿಲಿಂದ್ ಕಾಂಬ್ಳೆ ಪುಣೆಯಲ್ಲಿ ದಲಿತ ಉದ್ಯಮಿಗಳ ‘ಡಿಕ್ಕಿ’ ಸಂಸ್ಥೆ ಕಟ್ಟಿದರು. ಕೇಂದ್ರದ ಇಲಾಖೆ, ಕಂಪನಿಗಳ ಖರೀದಿಯಲ್ಲಿ ಶೇ. 4ರಷ್ಟು ಎಸ್‌ಸಿ, ಎಸ್‌ಟಿ ಕಿರು ಉದ್ಯಮಿಗಳಿಗೆ ಅಂತ ಇದೆ. ಆದರೆ ಟೆಂಡರ್ ಬಂದ ಸುದ್ದಿ ಹೇಳುವವರು ಬೇಕಲ್ಲ!

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಮಾಡಿಸಿ. ಅದು ಪುಕ್ಕಟೆ, ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ನಾಲ್ಕಾರು ಮನೆಯವರು ಸೇರಿ ಒಂದೇ ಹೆಸರಲ್ಲಿ ತೊಗಲು ಕೊಳ್ಳಿ, ಬಿಲ್ಲು ಜೋಪಾನವಾಗಿಡಿ. ಹೇಳಿದ ದಿನಕ್ಕೇ ಎರಡು ಸಲ ಹಣ ಕೊಟ್ಟ ಮೇಲೆ ಅರ್ಧ ಉದ್ರಿ ಕೇಳಿ. 2019ರಲ್ಲಿ ಕೊಲ್ಲಾಪುರಿಗೆ ಜಿಐ ಗುರುತು (ಇಂಥ ಊರಿನ ಮಾಲು ಅನ್ನುವ ಕಾನೂನಿನ ಮುದ್ರೆ) ಸಿಕ್ಕಿದೆ, ಬೆಳಗಾವಿ ಜಿಲ್ಲೆಯೂ ಅದರಲ್ಲಿದೆ. ಆ ಗುರುತಿನ ಅಧಿಕೃತ ಬಳಕೆದಾರರಾಗುವುದು ಹೇಗೆ ಅಂತ ರಾಜ್ಯದ ಚರ್ಮ ಕೈಗಾರಿಕೆ ನಿಗಮವಾದ ಲಿಡ್ಕರ್‌ನವರನ್ನು ಕೇಳಿ.