ರಾಜೀವ್ ಗಾಂಧಿ ವಸತಿ ನಿಗಮ ಮನೆ ಕಟ್ಟಿಸಿಕೊಡುತ್ತದೆಯೇ, ಬರೀ ದುಡ್ಡು ಕೊಡುತ್ತದೆಯೇ?

ಹಳ್ಳಿಗಳಲ್ಲಿ ಹೆಚ್ಚಾಗಿ ದುಡ್ಡು ಕೊಡುತ್ತದೆ. ಮನೆ ಕಟ್ಟಿಸಿಕೊಳ್ಳುವುದು ನೀವೇ.

ಕರ್ನಾಟಕ ಸರ್ಕಾರದ ಈ ನಿಗಮ ಶುರುವಾಗಿದ್ದು 2000ದಲ್ಲಿ. ಇಂಗ್ಲಿಷ್ ಹೆಸರಲ್ಲಿ 'ರೂರಲ್' (ಗ್ರಾಮೀಣ) ಅಂತ ಇದ್ದರೂ ಪಟ್ಟಣಗಳ ವಸತಿ ಯೋಜನೆಗಳೂ ಇದರ ಕೈಯಲ್ಲೇ ಇವೆ. ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ಪ್ರಧಾನಮಂತ್ರಿ ಆವಾಸ್, ಎಲ್ಲದರ ಲೆಕ್ಕ ನೋಡುವುದು ಇದೇ. ಯಾವ ಪಂಚಾಯಿತಿಗೆ ಎಷ್ಟು ಮನೆ ಎಂಬ ಗುರಿ ಮೇಲಿನಿಂದ ಬರುತ್ತದೆ. ಯಾರಿಗೆ ಮನೆ ಎಂಬುದು ಮಾತ್ರ ಗ್ರಾಮಸಭೆಯಲ್ಲಿ ತೀರ್ಮಾನವಾಗಬೇಕು. ಅದಕ್ಕೇ ಗ್ರಾಮಸಭೆ ತಪ್ಪಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು.

ದುಡ್ಡು ಒಟ್ಟಿಗೆ ಬರುವುದಿಲ್ಲ. ಪಾಯ, ಗೋಡೆ, ಚಾವಣಿ ಹೀಗೆ ಕೆಲಸ ಮುಗಿದಂತೆ, ಜಾಗ ತೋರಿಸುವ ಜಿಪಿಎಸ್ ಫೋಟೊ ನೋಡಿ, ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ಕಷ್ಟ ಇರುವುದು ಇಲ್ಲೇ. ಎಷ್ಟೋ ಸಲ ಪಾಯಕ್ಕೆ ಮೊದಲು ಕೈಯಿಂದಲೇ ದುಡ್ಡು ಹಾಕಬೇಕು ಅಲ್ವಾ? ಕೂಲಿ ಮಾಡುವವರು ಅದನ್ನು ಎಲ್ಲಿಂದ ತರಬೇಕು? ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶದ ಮನೆಗೆ ನಿಗದಿಯಾದದ್ದು 1.20 ಲಕ್ಷ ರೂಪಾಯಿ. ಇವತ್ತಿನ ಸಿಮೆಂಟು, ಕಬ್ಬಿಣದ ರೇಟಿಗೆ ಅದು ಸಾಲುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ನಿಮ್ಮ ಮನೆಯ ಕೆಲಸಕ್ಕೇ ಕೂಲಿ ಸಿಗುವ ಅವಕಾಶವಿದೆ, ಅದನ್ನು ಪಂಚಾಯಿತಿಯಲ್ಲಿ ಕೇಳಿ.

ಲೇಔಟ್ ಮಾಡಿ ಸೈಟು, ಮನೆ ಮಾರುವುದು ಕರ್ನಾಟಕ ಗೃಹ ಮಂಡಳಿ. ಅದು ಬೇರೆ ಸಂಸ್ಥೆ.